ಕೊರಳಿಗೊಂದು ಬಟ್ಟೆ, ಬಟ್ಟೆಗೊಂದು ಗುರುತು

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಯಾವುದಾದರೂ ಶಾಲೆಯ ಮೈದಾನದ ಅಂಚಿನಲ್ಲಿ ನಿಂತು ನೋಡಿ. ಧ್ವಜಸ್ತಂಭದ ಪಕ್ಕದಲ್ಲಿ ಒಂದು ಸಾಲು ಮಕ್ಕಳು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಬಿಗಿಯಾಗಿ ನಿಂತಿರುತ್ತಾರೆ. ಅವರ ಕೊರಳಲ್ಲಿ ಬಣ್ಣದ ಬಟ್ಟೆಯೊಂದು ಇರುತ್ತದೆ. ಮೂರು ಮೂಲೆಯ ಆ ಬಟ್ಟೆಯನ್ನು ಸುರುಳಿ ಸುತ್ತಿ, ಕತ್ತಿನ ಹಿಂದಿನಿಂದ ತಂದು, ಎರಡು ತುದಿಗಳನ್ನೂ ಎದೆಯ ಮೇಲೆ ಚಿಕ್ಕದೊಂದು ಬಳೆಯೊಳಗೆ ತೂರಿಸಿರುತ್ತಾರೆ. ಬಟ್ಟೆಗೆ ಸ್ಕಾರ್ಫ್ ಎಂದು ಹೆಸರು, ಬಳೆಗೆ ವಾಗಲ್. ಮುಖ್ಯ ಅತಿಥಿಗಳು ಬರುವ ಮುನ್ನ ಮೇಷ್ಟ್ರು ಸಾಲಿನುದ್ದಕ್ಕೂ ನಡೆದು, ಓರೆಯಾದ ಸ್ಕಾರ್ಫ್‌ಗಳನ್ನು ನೇರ ಮಾಡುತ್ತಾ ಹೋಗುತ್ತಾರೆ. ಸ್ಕಾರ್ಫ್ ಮರೆತು ಬಂದ ಹುಡುಗನಿಗೆ ಅಂದು ಆ ಸಾಲಿನಲ್ಲಿ ಜಾಗವಿಲ್ಲ.

ಚಳಿ ತಡೆಯಲು ಅದು ಸಾಲದು, ಮಳೆಗೆ ಕೊಡೆಯಾಗದು, ಮಾನ ಮುಚ್ಚುವ ಕೆಲಸವಂತೂ ಅದರದಲ್ಲ. ಆದರೂ ಅಂಗಿ, ಚಡ್ಡಿ, ಬೂಟುಗಳಿಗಿಲ್ಲದ ಮರ್ಯಾದೆ ಗೇಣಗಲದ ಈ ಬಟ್ಟೆಗೇಕೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ದಾರಿ ಬಂಗಾಳದ ನೇಕಾರರಿಂದ ಹಿಡಿದು ಅಮೆರಿಕದ ದನಗಾಹಿಗಳವರೆಗೆ, ಬೆಂಗಳೂರಿನ ದಂಡು ಪ್ರದೇಶದಿಂದ ಕಾಂಬೋಡಿಯದ ವಧಾಸ್ಥಾನಗಳವರೆಗೆ ಹರಡಿಕೊಂಡಿದೆ.

ಬೆವರಿನಿಂದ ಆರಂಭ

ಕೊರಳ ಬಟ್ಟೆ ಹುಟ್ಟಿದ್ದು ಅಲಂಕಾರಕ್ಕಲ್ಲ, ಬೆವರು ಒರೆಸಲು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಪುರಾವೆ ಹುಡುಕಬೇಕಿಲ್ಲ. ಹೊಲಕ್ಕೆ ಹೊರಟ ರೈತನ ಹೆಗಲ ಮೇಲಿನ ಟವಲು, ವಲ್ಲಿ ಅಥವಾ ಚೌಕ ಮುಖ ಒರೆಸುತ್ತದೆ. ಹೊರೆ ಹೊತ್ತಾಗ ಸಿಂಬಿಯಾಗುತ್ತದೆ, ಬಿಸಿಲೇರಿದಾಗ ತಲೆಗೇರುತ್ತದೆ, ಊಟದ ಹೊತ್ತಿಗೆ ಬುತ್ತಿಯ ಗಂಟಾಗುತ್ತದೆ, ಮರದ ನೆರಳಲ್ಲಿ ಹಾಸಿಗೆಯೂ ಆಗುತ್ತದೆ. ಭಾಷೆಯೂ ಈ ಬಟ್ಟೆಯ ಬಹುರೂಪವನ್ನು ಹಿಡಿದಿಟ್ಟಿದೆ. ಪರ್ಷಿಯನ್ ಭಾಷೆಯಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವುದು. ಮುಖ ಒರೆಸುವ ಈ ರೂಮಾಲ್ ಹಿಂದಿಯಲ್ಲಿ ಇಂದಿಗೂ ಕರವಸ್ತ್ರವೇ. ಕನ್ನಡಕ್ಕೆ ಬರುವಾಗ ಮಾತ್ರ ಅದು ಕೈಯಿಂದ ತಲೆಗೆ ಏರಿ, ಮುಂಡಾಸಿನ ಅರ್ಥ ಪಡೆಯಿತು.

ಸೈನಿಕರ ಕೊರಳಿಗೂ ಇದು ಬಂದದ್ದು ಇಂಥದೇ ಅಗತ್ಯದಿಂದ ಇರಬೇಕು. ಚೀನಾದ ಷಿಯಾನ್ ನಗರದ ಬಳಿ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರ ಪ್ರತಿಮೆಗಳು ಸಿಕ್ಕವು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಷಿ ಹುವಾಂಗ್‌ನ ಸಮಾಧಿಯ ಕಾವಲಿಗೆ ಹೂತಿದ್ದ ಸೇನೆ ಅದು. ಆ ಸೈನಿಕರಲ್ಲಿ ಅನೇಕರ ಕೊರಳಲ್ಲಿ ಸುತ್ತಿದ ಬಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ರೋಮ್‌ನಲ್ಲಿ ಕ್ರಿ.ಶ. 113ರಲ್ಲಿ ಅನಾವರಣಗೊಂಡ ಟ್ರಾಜನ್ ಸ್ತಂಭದ ಕೆತ್ತನೆಗಳಲ್ಲೂ ಸೈನಿಕರ ಕೊರಳಿಗೆ ಬಟ್ಟೆಯಿದೆ. ಲೋಹದ ಕವಚದ ಅಂಚು ಕತ್ತನ್ನು ಉಜ್ಜಿ ಗಾಯ ಮಾಡದಿರಲೆಂದು ಅದನ್ನು ಸುತ್ತಿಕೊಳ್ಳುತ್ತಿದ್ದರೆಂಬುದು ವಿದ್ವಾಂಸರ ವಿವರಣೆ.

ಹೀಗೆ ಬೆವರಿಗೆಂದೋ ಗಾಯಕ್ಕೆಂದೋ ಕಟ್ಟಿಕೊಂಡ ಬಟ್ಟೆಗೆ ಒಂದು ವಿಶೇಷ ಗುಣವಿತ್ತು. ಎದುರಿಗೆ ಬಂದವರ ಕಣ್ಣು ಮುಖದ ಮೇಲೆ ಬೀಳುತ್ತದೆ. ಮುಖದ ಕೆಳಗೇ ಕೊರಳು. ಅಲ್ಲಿ ಕಟ್ಟಿದ್ದನ್ನು ಯಾರೂ ನೋಡದಿರಲಾರರು. ‘ಇವನು ನಮ್ಮವನು’ ಎಂದು ದೂರದಿಂದಲೇ ಸಾರಲು ಇದಕ್ಕಿಂತ ಸುಲಭದ, ಅಗ್ಗದ ಉಪಾಯ ಬೇರೊಂದಿಲ್ಲ. ಸೇನೆಗಳಿಗೆ ಇದು ಬೇಗ ಹೊಳೆಯಿತು.

ಕ್ರೊವೇಷಿಯದ ಗಂಟು

ಯೂರೋಪಿನಲ್ಲಿ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಕ್ರೊವೇಷಿಯದ ಕುದುರೆ ಸವಾರರು ಸಂಬಳಕ್ಕಾಗಿ ಫ್ರಾನ್ಸಿನ ಪರವಾಗಿಯೂ ಕಾದಾಡಿದರು. ಅವರ ಕೊರಳಲ್ಲಿ ಮುಂದಕ್ಕೆ ಗಂಟು ಹಾಕಿದ ಬಟ್ಟೆಯಿರುತ್ತಿತ್ತು. ಯುದ್ಧಕ್ಕೆ ಹೊರಟ ಗಂಡನಿಗೋ ಪ್ರಿಯಕರನಿಗೋ ಹೆಣ್ಣು ಕಟ್ಟಿದ ಗಂಟು ಅದು ಎಂಬ ಕಥೆಯನ್ನು ಕ್ರೊವೇಷಿಯದವರು ಪ್ರೀತಿಯಿಂದ ಹೇಳುತ್ತಾರೆ. ಕಥೆಯೇನೇ ಇರಲಿ, ಪ್ಯಾರಿಸ್ಸಿನ ಶೋಕಿಲಾಲರಿಗೆ ಈ ಗಂಟು ಬಹಳ ಹಿಡಿಸಿತು. ‘ಕ್ರೊವಾಟ್’ ಎಂಬ ಜನಾಂಗದ ಹೆಸರೇ ಫ್ರೆಂಚರ ಬಾಯಲ್ಲಿ ‘ಕ್ರವಾಟ್’ ಎಂಬ ಉಡುಪಿನ ಹೆಸರಾಯಿತು. ದೊರೆ 14ನೆಯ ಲೂಯಿ ಇದಕ್ಕೆ ಮನಸೋತ. ಅವನ ಸೇನೆಯಲ್ಲಿ ‘ರಾಯಲ್ ಕ್ರವಾಟ್’ ಎಂಬ ಅಶ್ವದಳವೇ ಇತ್ತು.

ಬೆವರಿನ ಬಟ್ಟೆ ಅರಮನೆ ಸೇರಿದ ಮೇಲೆ ಅದಕ್ಕೆ ಕಸೂತಿ ಬಂತು, ಗಂಜಿ ಬಂತು, ಕಟ್ಟಲು ಸೇವಕರು ಬೇಕಾದರು. 1692ರಲ್ಲಿ ಸ್ಟೀನ್‌ಕರ್ಕ್ ಎಂಬಲ್ಲಿ ಶತ್ರುಗಳು ಹಠಾತ್ತನೆ ಮೇಲೆ ಬಿದ್ದಾಗ, ಫ್ರೆಂಚ್ ಅಧಿಕಾರಿಗಳಿಗೆ ಕ್ರವಾಟ್ ಕಟ್ಟಿಕೊಳ್ಳಲು ಪುರಸೊತ್ತಾಗದೆ ತುದಿಗಳನ್ನು ಹಾಗೇ ತಿರುಚಿ ಕೋಟಿನ ಗುಂಡಿಯ ತೂತಿಗೆ ತುರುಕಿಕೊಂಡು ಓಡಿದರಂತೆ. ಆಮೇಲೆ ಹಾಗೆ ತಿರುಚಿಕೊಳ್ಳುವುದೇ ಹೊಸ ಫ್ಯಾಷನ್ ಆಯಿತು! ಇಂದಿನ ಕಚೇರಿಗಳ ಟೈ ಇದೇ ಕ್ರವಾಟ್‌ನ ವಂಶದ್ದು. ಕ್ರೊವೇಷಿಯ ಈ ಹೆಮ್ಮೆಯನ್ನು ಮರೆತಿಲ್ಲ. 2003ರಲ್ಲಿ ಅಲ್ಲಿನ ಪೂಲಾ ನಗರದ ರೋಮನ್ ಕಾಲದ ಬಯಲು ರಂಗಮಂದಿರಕ್ಕೇ ಭಾರಿ ಕೆಂಪು ಟೈ ಒಂದನ್ನು ಸುತ್ತಲಾಯಿತು. ಅಕ್ಟೋಬರ್ 18 ಅಲ್ಲಿ ಕ್ರವಾಟ್ ದಿನ.

ಬಂಗಾಳದಿಂದ ಹೊರಟ ಬಂಡಾನಾ

ಟೈ ಬಡವರ ಕೊರಳಿನಿಂದ ಸಿರಿವಂತರ ಕೊರಳಿಗೆ ಹೋದ ಬಟ್ಟೆ. ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಪಯಣಿಸಿದ ಇನ್ನೊಂದು ಕೊರಳ ಬಟ್ಟೆಯಿದೆ. ಅದು ಹೊರಟದ್ದು ಭಾರತದಿಂದ.

ಸಿನಿಮಾಗಳಲ್ಲಿ ಅಮೆರಿಕದ ಕೌಬಾಯ್‌ಗಳ ಕೊರಳಲ್ಲಿ ಬಿಳಿ ಚುಕ್ಕೆಗಳ ಕೆಂಪು ಬಟ್ಟೆಯನ್ನು ನೋಡದವರಿಲ್ಲ. ಅದರ ಹೆಸರು ಬಂಡಾನಾ. ಇಂಗ್ಲಿಷ್ ನಿಘಂಟುಗಳು ಈ ಪದದ ಮೂಲವನ್ನು ಹಿಂದಿಯಲ್ಲಿ ತೋರಿಸುತ್ತವೆ: ‘ಬಾಂಧ್‌ನಾ’ ಎಂದರೆ ಕಟ್ಟುವುದು. ನಮ್ಮ ‘ಬಂಧನ’, ‘ಸಂಬಂಧ’, ‘ಬಂಧು’ಗಳೂ ಇದೇ ಧಾತುವಿನಿಂದ ಬಂದವು. ಇಲ್ಲಿ ಕಟ್ಟುವುದೆಂದರೆ ಕೊರಳಿಗೆ ಕಟ್ಟುವುದಲ್ಲ. ಬಟ್ಟೆಯ ಅಲ್ಲಲ್ಲಿ ಚಿವುಟಿದಂತೆ ಎತ್ತಿ ದಾರದಿಂದ ಬಿಗಿಯಾಗಿ ಕಟ್ಟಿ, ಆಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ. ಒಣಗಿದ ಮೇಲೆ ದಾರ ಬಿಚ್ಚಿದರೆ ಸಾಲು ಸಾಲು ಬಿಳಿ ಚುಕ್ಕೆಗಳು. ಗುಜರಾತ್ ಮತ್ತು ರಾಜಸ್ಥಾನಗಳ ಬಾಂಧನಿ ಸೀರೆಗಳಲ್ಲಿ ಇಂದಿಗೂ ಕಾಣುವುದು ಇದೇ ಕೌಶಲ.

18ನೆಯ ಶತಮಾನದಲ್ಲಿ ಬಂಗಾಳದ ಮುರ್ಷಿದಾಬಾದ್ ಹತ್ತಿರದ ಕಾಸಿಂಬಜಾರ್ ರೇಷ್ಮೆಯ ದೊಡ್ಡ ಪೇಟೆ. ಅಲ್ಲಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಕಟ್ಟಿ ಬಣ್ಣ ಹಾಕಿದ ರೇಷ್ಮೆಯ ಚೌಕಗಳನ್ನು ಲಂಡನ್ನಿಗೆ ಸಾಗಿಸಿದವು. ಇಂಗ್ಲೆಂಡಿನಲ್ಲಿ ಆಗ ನಶ್ಯದ ಹುಚ್ಚು. ನಶ್ಯದ ಕಂದು ಕಲೆ ಬಿಳಿಯ ಕರವಸ್ತ್ರದ ಮಾನ ಕಳೆಯುತ್ತಿತ್ತು. ಭಾರತದ ಗಾಢ ಬಣ್ಣದ ಚೌಕದಲ್ಲಿ ಕಲೆ ಕಾಣುತ್ತಲೇ ಇರಲಿಲ್ಲ. ದೊಡ್ಡ ಮನುಷ್ಯರ ಜೇಬಿಗೂ ನಾವಿಕರ ಕೊರಳಿಗೂ ಬಂಡಾನಾ ಏರಿತು.

ವಿಚಿತ್ರವೆಂದರೆ ಇದು ಕಾನೂನಿನ ಕಣ್ಣಿಗೆ ಕಳ್ಳಮಾಲು. ತಮ್ಮ ನೇಕಾರರ ಒತ್ತಾಯಕ್ಕೆ ಮಣಿದ ಬ್ರಿಟಿಷ್ ಪಾರ್ಲಿಮೆಂಟು ಭಾರತದ ರೇಷ್ಮೆ ಬಟ್ಟೆಗಳನ್ನೂ ಚಿತ್ತಾರದ ಹತ್ತಿ ಬಟ್ಟೆಗಳನ್ನೂ ದೇಶದೊಳಗೆ ಧರಿಸದಂತೆ 1700ರಲ್ಲೇ ಕಾಯಿದೆ ಮಾಡಿತ್ತು. ಪರದೇಶಗಳಿಗೆ ಮರುಮಾರಾಟ ಮಾಡಲು ಮಾತ್ರ ಅವಕಾಶ. ಹಾಗೆ ಹೊರಗೆ ಹೋದ ಮಾಲು ಕಳ್ಳದಾರಿಯಲ್ಲಿ ಒಳಗೆ ಬರುತ್ತಿತ್ತು. ರೇಷ್ಮೆಯ ಮೇಲಿನ ನಿಷೇಧ ತೆರವಾದದ್ದು 1826ರಲ್ಲಿ.

ಅಷ್ಟರಲ್ಲಿ ಯೂರೋಪಿನ ಕಾರ್ಖಾನೆಗಳು ನಕಲಿನ ವಿದ್ಯೆಯಲ್ಲಿ ಪಳಗಿದ್ದವು. ನಮ್ಮ ಮಂಜಿಷ್ಠದ ಜಾತಿಗೆ ಸೇರಿದ ಗಿಡವೊಂದರ ಬೇರಿನಿಂದ, ತೊಳೆದರೂ ಮಾಸದ ಕೆಂಪು ಬಣ್ಣವನ್ನು ಹತ್ತಿಗೆ ಹಿಡಿಸುವ ಗುಟ್ಟು ಪೂರ್ವ ದೇಶಗಳಿಂದ ಅವರ ಕೈಸೇರಿತ್ತು. ‘ಟರ್ಕಿ ರೆಡ್’ ಎಂದೇ ಅದಕ್ಕೆ ಹೆಸರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1785ರಲ್ಲಿ ಈ ಬಣ್ಣದ ಕಾರ್ಖಾನೆ ತಲೆಯೆತ್ತಿತು. ಚುಕ್ಕೆ ಮೂಡಿಸಲು ಅಲ್ಲಿನವರು ನಮ್ಮ ಕ್ರಮವನ್ನು ತಲೆಕೆಳಗು ಮಾಡಿದರು. ನಮ್ಮವರು ಮೊದಲು ಕಟ್ಟಿ ಆಮೇಲೆ ಬಣ್ಣ ಹಾಕಿದರೆ, ಅವರು ಬಟ್ಟೆಯನ್ನೆಲ್ಲ ಕೆಂಪು ಮಾಡಿ, ತೂತುಗಳಿರುವ ಸೀಸದ ಹಲಗೆಗಳ ನಡುವೆ ಒತ್ತಿ ಹಿಡಿದು, ತೂತಿನ ಮೂಲಕ ಬಣ್ಣ ತೆಗೆಯುವ ರಾಸಾಯನಿಕ ಹಾಯಿಸಿದರು. ಒಂದೊಂದು ಚುಕ್ಕೆಗೂ ಬೆರಳು ನೋಯಿಸಿಕೊಳ್ಳುವ ಪ್ರಮೇಯವೇ ಇಲ್ಲ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಟರ್ಕಿ ರೆಡ್ ಬಟ್ಟೆಗಳು ಭಾರತದ ಪೇಟೆಗಳಿಗೇ ಹಡಗು ತುಂಬ ಬಂದಿಳಿದವು. ಹೇಳಿಕೊಟ್ಟ ಗುರುವಿಗೇ ವಿದ್ಯೆಯನ್ನು ಮಾರುವುದೆಂದರೆ ಇದೇ ಇರಬೇಕು.

ಅಗ್ಗದ ಹತ್ತಿ ಬಂಡಾನಾ ಅಟ್ಲಾಂಟಿಕ್ ದಾಟಿ ಅಮೆರಿಕದ ದುಡಿಯುವ ಜನರ ಕೈಸೇರಿತು. ಸಾವಿರಾರು ದನಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವ ಕೌಬಾಯ್‌ಗಳಲ್ಲಿ ಮಂದೆಯ ಹಿಂದೆ ಬರುವವನ ಪಾಡು ಹೇಳತೀರದು. ಏಳುವ ಧೂಳೆಲ್ಲ ಅವನ ಮೂಗಿಗೇ. ಅವನು ಕೊರಳ ಬಟ್ಟೆಯನ್ನು ಮೇಲೆಳೆದು ಮೂಗು ಬಾಯಿ ಮುಚ್ಚಿಕೊಳ್ಳುತ್ತಿದ್ದ. ಕೆಸರು ನೀರನ್ನು ಅದರಲ್ಲೇ ಸೋಸುತ್ತಿದ್ದ, ಗಾಯಕ್ಕೆ ಅದನ್ನೇ ಕಟ್ಟುತ್ತಿದ್ದ. ರೇಷ್ಮೆಯಾಗಿ ಹೊರಟು ಸಿರಿವಂತರ ಜೇಬು ಸೇರಿದ್ದ ಬಟ್ಟೆ ಹತ್ತಿಯಾಗಿ ಮತ್ತೆ ಬೆವರಿನ ಕೊರಳಿಗೆ ಮರಳಿತ್ತು.

ನಾವಿಕರ ಕಪ್ಪು ರೇಷ್ಮೆ

ಬ್ರಿಟಿಷ್ ನೌಕಾಪಡೆಯ ನಾವಿಕರ ಕೊರಳಲ್ಲಿದ್ದುದು ಕಪ್ಪು ರೇಷ್ಮೆ. 1805ರ ಟ್ರಫಾಲ್ಗರ್ ಕದನದಲ್ಲಿ ಮಡಿದ ಸೇನಾನಿ ನೆಲ್ಸನ್‌ಗೆ ಶೋಕ ಸೂಚಿಸಲು ಅದನ್ನು ಧರಿಸುತ್ತಾರೆ ಎಂದು ಜನ ನಂಬಿದ್ದರು. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ನೆಲ್ಸನ್ ಬದುಕಿದ್ದಾಗಲೇ ನಾವಿಕರು ಇಂಥ ಬಟ್ಟೆ ಕಟ್ಟುತ್ತಿದ್ದರು. ಫಿರಂಗಿಗಳ ನಡುವಿನ ಸೆಕೆಯಲ್ಲಿ ಹಣೆಗೆ ಬಿಗಿದರೆ ಬೆವರು ಕಣ್ಣಿಗಿಳಿಯದು. ಬಣ್ಣ ಕಪ್ಪಾದರೆ ಕೊಳೆ ಕಾಣದು. 1857ರಲ್ಲಿ ಸಾಮಾನ್ಯ ನಾವಿಕರಿಗೆ ಮೊದಲ ಬಾರಿಗೆ ಅಧಿಕೃತ ಸಮವಸ್ತ್ರ ಗೊತ್ತುಪಡಿಸಿದಾಗ, ರೂಢಿಯಲ್ಲಿದ್ದ ಈ ಬಟ್ಟೆಯೂ ನಿಯಮದೊಳಗೆ ಸೇರಿತು.

ಸಮವಸ್ತ್ರಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಮೊದಲು ಉಪಯೋಗ ಬರುತ್ತದೆ, ಅದು ರೂಢಿಯಾಗುತ್ತದೆ, ರೂಢಿ ನಿಯಮವಾಗುತ್ತದೆ. ಉಪಯೋಗ ಮರೆತುಹೋದ ಮೇಲೆ ಜನ ಅದಕ್ಕೊಂದು ಭಾವುಕ ಕಥೆ ಕಟ್ಟುತ್ತಾರೆ. 1920ರ ದಶಕದಲ್ಲಿ ಜಪಾನಿನ ಬಾಲಕಿಯರ ಶಾಲೆಗಳು ನಾವಿಕರ ಉಡುಪಿನ ಮಾದರಿಯನ್ನೇ ಸಮವಸ್ತ್ರವಾಗಿಸಿಕೊಂಡಾಗ, ಸಮುದ್ರವನ್ನೇ ಕಾಣದ ಹುಡುಗಿಯರ ಎದೆಯ ಮೇಲೂ ನಾವಿಕರ ಗಂಟು ಬಂದು ಕುಳಿತಿತು.

ಬೇಡನ್ ಪೊವೆಲ್ ಮತ್ತು ಬೆಂಗಳೂರು

ನಮ್ಮ ಶಾಲಾ ಮೈದಾನದ ಸ್ಕಾರ್ಫ್ ಬಂದದ್ದು ಆಫ್ರಿಕದ ದಾರಿಯಿಂದ. ಇಂದಿನ ಜಿಂಬಾಬ್ವೆಯ ಮಟೋಬೊ ಬೆಟ್ಟಗಳಲ್ಲಿ 1896ರಲ್ಲಿ ಬ್ರಿಟಿಷರ ವಿರುದ್ಧ ಅಲ್ಲಿನ ಜನ ದಂಗೆಯೆದ್ದಿದ್ದರು. ಬ್ರಿಟಿಷ್ ಸೇನೆಯ ಅಧಿಕಾರಿ ರಾಬರ್ಟ್ ಬೇಡನ್ ಪೊವೆಲ್‌ಗೆ ಅಲ್ಲಿ ಫ್ರೆಡರಿಕ್ ರಸೆಲ್ ಬರ್ನಹ್ಯಾಮ್ ಎಂಬ ಅಮೆರಿಕನ್ ಬೇಹುಗಾರನ ಪರಿಚಯವಾಯಿತು. ಅಗಲ ಅಂಚಿನ ಟೋಪಿ, ಕೊರಳಿಗೆ ಬಟ್ಟೆ, ಕಾಡಿನ ಗುರುತುಗಳನ್ನು ಓದುವ ಜಾಣ್ಮೆ ಇವೆಲ್ಲ ಬರ್ನಹ್ಯಾಮ್ ತನ್ನ ದೇಶದ ಪಶ್ಚಿಮ ಸೀಮೆಯಿಂದ ತಂದವು. ಬೇಡನ್ ಪೊವೆಲ್ ಅವನಿಂದ ವಿದ್ಯೆಯನ್ನೂ ಕಲಿತ, ವೇಷವನ್ನೂ ಕಲಿತ.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಯಿತು. ಮರುವರ್ಷ ಬೇಡನ್ ಪೊವೆಲ್‌ನ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಕಂತುಗಳಲ್ಲಿ ಪ್ರಕಟವಾಯಿತು. ಶ್ರೀಮಂತರ ಮಕ್ಕಳೂ ಕಾರ್ಮಿಕರ ಮಕ್ಕಳೂ ಒಂದೇ ಡೇರೆಯಲ್ಲಿ ಮಲಗಬೇಕು, ಉಡುಪು ನೋಡಿ ಅಂತಸ್ತು ಅಳೆಯುವಂತಾಗಬಾರದು ಎಂಬುದು ಅವನ ಸಮವಸ್ತ್ರದ ಹಿಂದಿನ ವಿಚಾರ. ಸ್ಕಾರ್ಫ್‌ಗೆ ಅವನು ಎರಡು ಕೆಲಸ ಕೊಟ್ಟ. ಅದರ ಬಣ್ಣ ದಳದ ಗುರುತಾಗಬೇಕು. ಅಪಘಾತವಾದಾಗ ಅದು ಮುಮ್ಮೂಲೆಯ ಬ್ಯಾಂಡೇಜಾಗಿ ಒದಗಬೇಕು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಲು ನೆನಪಿಗೆಂದು ಸ್ಕೌಟುಗಳು ಸ್ಕಾರ್ಫಿನ ತುದಿಗೆ ಗಂಟು ಹಾಕಿಕೊಳ್ಳುವ ರೂಢಿಯೂ ಬೆಳೆಯಿತು. ತುದಿಗಳನ್ನು ಹಿಡಿದಿಡುವ ಚರ್ಮದ ವಾಗಲ್ ಬಂದದ್ದು ಆಮೇಲೆ, 1920ರ ದಶಕದ ಆರಂಭದಲ್ಲಿ, ಲಂಡನ್ ಬಳಿಯ ಗಿಲ್‌ವೆಲ್ ತರಬೇತಿ ಕೇಂದ್ರದಲ್ಲಿ.

ಇಲ್ಲಿಂದ ಕಥೆ ನಮ್ಮೂರಿಗೆ ತಿರುಗುತ್ತದೆ. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ಬೆಂಗಳೂರಿನಲ್ಲಿ, 1909ರಲ್ಲಿ. ಕಟ್ಟಿದವನು ಕ್ಯಾಪ್ಟನ್ ಟಿ.ಎಚ್. ಬೇಕರ್. ಬಂಗಾಳದಿಂದ ಹೊರಟ ಕೊರಳ ಬಟ್ಟೆ ಇಂಗ್ಲೆಂಡ್, ಅಮೆರಿಕ, ಆಫ್ರಿಕ ಸುತ್ತಿ, ಹೆಸರೂ ರೂಪವೂ ಬದಲಾಗಿ, ಹೀಗೆ ಭಾರತಕ್ಕೆ ಮರಳಿತು. ಆದರೆ ಭಾರತೀಯ ಹುಡುಗರ ಕೊರಳಿಗೆ ಬರಲಿಲ್ಲ! ದಳಗಳು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮೀಸಲು. ನೇಟಿವ್ ಹುಡುಗರಿಗೆ ಶಿಸ್ತು, ಸಂಘಟನೆ, ಬೇಹುಗಾರಿಕೆ ಕಲಿಸಿದರೆ ನಾಳೆ ಅವರು ಕ್ರಾಂತಿಕಾರಿಗಳಾದಾರೆಂಬ ಅಂಜಿಕೆ ಸರಕಾರಕ್ಕಿತ್ತು. ‘ಎಲ್ಲ ವರ್ಗದವರಿಗೂ ಒಂದೇ ಉಡುಪು’ ಎಂಬ ಮಾತು ಸೂಯೆಜ್ ಕಾಲುವೆಯ ಈಚೆಗೆ ಬರುವಷ್ಟರಲ್ಲಿ ಬಣ್ಣದ ಗೆರೆ ಎಳೆಯಿತು.

ಈ ಗೆರೆಯನ್ನು ಅಳಿಸಲು ಮುಂದಾದವರು ಭಾರತೀಯರು ಮತ್ತು ಭಾರತವನ್ನು ತಮ್ಮದೆಂದುಕೊಂಡವರು. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್, ಜಾರ್ಜ್ ಅರುಂಡೇಲ್ ಅವರ ನೆರವಿನಿಂದ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಕಟ್ಟಿದರು. ಆ ಹುಡುಗರು ಅಗಲ ಅಂಚಿನ ಟೋಪಿಯ ಬದಲು ಪೇಟ ಸುತ್ತಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟ್ ದಳಗಳನ್ನು ಬೆಳೆಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟ್ ಅವರ ಸಂಘ ಅಧಿಕೃತ ಸಂಸ್ಥೆಯೊಡನೆ ಸೇರಿತು. ಸೇವಾ ಸಮಿತಿ ಸೇರಲಿಲ್ಲ. ಬೇರೆ ಬೇರೆ ನಿಷ್ಠೆಗಳ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡದ್ದು ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು. ಮರುವರ್ಷ ಆಗಸ್ಟ್ 15ರಂದು ಗೈಡ್ಸ್ ಸಂಸ್ಥೆಯೂ ಅದರೊಳಗೆ ಬಂತು.

ಇಂದು ಪ್ರತಿ ದಳಕ್ಕೂ ತನ್ನದೇ ಬಣ್ಣದ ಸ್ಕಾರ್ಫ್ ಇದೆ. 2022ರ ಡಿಸೆಂಬರ್‌ನಲ್ಲಿ ಮೂಡಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಆ ಪುಟ್ಟ ಊರಿನ ತುಂಬ ಇಂಥ ಬಣ್ಣಗಳೇ ಓಡಾಡಿದವು. ಬೆಂಗಳೂರಿನ ಮೊದಲ ದಳದ ಹೊರಗೆ ನಿಂತು ನೋಡಬೇಕಾಗಿದ್ದ ಹುಡುಗರ ಮೊಮ್ಮಕ್ಕಳು, ಮರಿಮಕ್ಕಳು ಅವರಲ್ಲಿ ಎಷ್ಟು ಮಂದಿ ಇದ್ದರೋ!

ಕೆಂಪು ಒಂದೇ, ಅರ್ಥ ಹಲವು

ಸ್ಕೌಟ್ ಸ್ಕಾರ್ಫ್ ಜನಪ್ರಿಯವಾಗುತ್ತಿದ್ದ ದಶಕದಲ್ಲೇ ಕೆಂಪು ಕೊರಳ ಬಟ್ಟೆ ಮೂರು ದೇಶಗಳಲ್ಲಿ ಮೂರು ಅರ್ಥ ಪಡೆಯಿತು.

ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ 1921ರಲ್ಲಿ ಸುಮಾರು 10,000 ಕಲ್ಲಿದ್ದಲು ಗಣಿ ಕಾರ್ಮಿಕರು ಸಂಘ ಕಟ್ಟುವ ಹಕ್ಕಿಗಾಗಿ ಬಂದೂಕು ಹಿಡಿದು ಬ್ಲೇರ್ ಪರ್ವತದ ಕಡೆಗೆ ನಡೆದರು. ಅವರಲ್ಲಿ ಕರಿಯರಿದ್ದರು, ಬಿಳಿಯರಿದ್ದರು, ಇಟಲಿಯಿಂದ ವಲಸೆ ಬಂದವರಿದ್ದರು. ಗುಂಡಿನ ಚಕಮಕಿಯಲ್ಲಿ ತಮ್ಮವರನ್ನು ಗುರುತಿಸಲು ಎಲ್ಲರೂ ಕೊರಳಿಗೆ ಕೆಂಪು ಬಂಡಾನಾ ಕಟ್ಟಿದರು. ಒಂದೇ ಭಾಷೆಯಿಲ್ಲದವರನ್ನು ಒಂದೇ ಬಟ್ಟೆ ಕೂಡಿಸಿತು.

ಮರುವರ್ಷ, 1922ರ ಮೇ 19ರಂದು, ರಷ್ಯಾದಲ್ಲಿ ಯಂಗ್ ಪಯೋನಿಯರ್ ಸಂಸ್ಥೆ ಸ್ಥಾಪನೆಯಾಯಿತು. ಸ್ಕೌಟ್ ಚಳವಳಿಯನ್ನು ಬೊಲ್ಷೆವಿಕರು ಬೂರ್ಜ್ವಾ ಎಂದು ತಳ್ಳಿಹಾಕಿದ್ದರೂ, ಅದರ ವಿಧಾನಗಳು ಉಪಯುಕ್ತವೆಂದು ಲೆನಿನ್‌ನ ಪತ್ನಿ ಕ್ರುಪ್‌ಸ್ಕಾಯಾ ವಾದಿಸಿದ್ದಳು. ಹಾಗಾಗಿ ಸ್ಕಾರ್ಫ್ ಉಳಿಯಿತು, ಬಣ್ಣ ಕೆಂಪಾಯಿತು. ‘ಸಿದ್ಧವಾಗಿರು’ ಎಂಬ ಸ್ಕೌಟ್ ಧ್ಯೇಯವಾಕ್ಯವೂ ಉಳಿಯಿತು. ‘ಸದಾ ಸಿದ್ಧ’ ಎಂಬ ಉತ್ತರ ಸೇರಿತು. ಬಟ್ಟೆಯ ಮೂರು ಮೂಲೆಗಳೆಂದರೆ ಪಕ್ಷದ ಹಿರಿಯರು, ಯುವಕರು, ಮಕ್ಕಳು ಎಂಬ ಮೂರು ತಲೆಮಾರು ಎಂದು ಮಕ್ಕಳಿಗೆ ಹೇಳಿಕೊಡಲಾಯಿತು. ಸ್ಕಾರ್ಫ್ ಪಡೆಯುವುದು ದೊಡ್ಡ ಗೌರವ. ತಪ್ಪು ಮಾಡಿದವರ ಕೊರಳಿನಿಂದ ಅದನ್ನು ಕಳಚುವುದು ಸಹಪಾಠಿಗಳೆದುರಿನ ದೊಡ್ಡ ಅವಮಾನ. 1991ರಲ್ಲಿ ಸೋವಿಯತ್ ಒಕ್ಕೂಟದ ಜೊತೆಗೇ ಆ ಸಂಸ್ಥೆಯೂ ಮುಗಿಯಿತು. ಚೀನಾದ ಶಾಲೆಗಳಲ್ಲಿ ಮಾತ್ರ ಕೆಂಪು ಸ್ಕಾರ್ಫ್ ಇಂದಿಗೂ ಇದೆ. ಅದು ಹುತಾತ್ಮರ ರಕ್ತದಲ್ಲಿ ಅದ್ದಿದ ಕೆಂಪು ಬಾವುಟದ ಒಂದು ಮೂಲೆ ಎಂದು ಅಲ್ಲಿ ಕಲಿಸುತ್ತಾರೆ.

ಸ್ಪೇನಿನ ಪಾಂಪ್ಲೋನಾ ನಗರದಲ್ಲಿ ಇದೇ ಕೆಂಪು ಬಟ್ಟೆ ಹಬ್ಬದ ಸಂಕೇತ. ಗೂಳಿಗಳ ಓಟಕ್ಕೆ ಹೆಸರಾದ ಸ್ಯಾನ್ ಫರ್ಮಿನ್ ಉತ್ಸವ ಜುಲೈ 6ರ ಮಧ್ಯಾಹ್ನ 12ಕ್ಕೆ ಬಾಣವೊಂದು ಆಕಾಶಕ್ಕೆ ಹಾರುವುದರೊಂದಿಗೆ ಶುರು. ಅದು ಸಿಡಿಯುವವರೆಗೆ ಯಾರೂ ಬಟ್ಟೆಯನ್ನು ಕೊರಳಿಗೆ ಕಟ್ಟುವಂತಿಲ್ಲ. 14ರ ನಡುರಾತ್ರಿ ಹಬ್ಬ ಮುಗಿದಾಗ ಬಿಚ್ಚಬೇಕು. ಶಿರಚ್ಛೇದಕ್ಕೆ ಗುರಿಯಾದ ಸಂತ ಫರ್ಮಿನ್‌ನ ನೆನಪು ಅದರಲ್ಲಿದೆಯೆಂಬುದು ಜನರ ನಂಬಿಕೆ. ಆದರೆ ಬಿಳಿ ಉಡುಪಿನ ಮೇಲೆ ಕೆಂಪು ಬಟ್ಟೆಯ ಈ ‘ಸಾಂಪ್ರದಾಯಿಕ’ ವೇಷಕ್ಕೆ ತೀರ ಹೆಚ್ಚು ವಯಸ್ಸಾಗಿಲ್ಲ. 1931ರಲ್ಲಿ ಅಲ್ಲಿನ ಗೆಳೆಯರ ಕೂಟವೊಂದು ಇಂಥ ಉಡುಪು ತೊಟ್ಟು ಬಂದಿತು, ಕ್ರಮೇಣ ಊರೇ ಅದನ್ನು ಅನುಸರಿಸಿತು. ಪುರಾತನವೆಂದು ನಾವು ನಂಬುವ ಎಷ್ಟೋ ಸಂಪ್ರದಾಯಗಳ ಜಾತಕ ತೆಗೆದು ನೋಡಿದರೆ ಹೀಗೆಯೇ ಇರುತ್ತದೆ.

ನೀಲಿ ಬಟ್ಟೆಯ ನೆನಪು

ಗುರುತಿಗೆ ಇನ್ನೊಂದು ಮುಖವೂ ಇದೆ. ಜರ್ಮನಿಯಲ್ಲಿ 1933ರ ನಂತರ ನಾಜಿಗಳು ಸ್ಕೌಟ್ ಸಂಘಗಳನ್ನು ಒಂದೊಂದಾಗಿ ಮುಚ್ಚಿಸಿದರು. ಅವುಗಳ ಜಾಗಕ್ಕೆ ಬಂದ ಹಿಟ್ಲರ್ ಯುವದಳದ ಹುಡುಗರ ಕೊರಳಲ್ಲೂ ಚರ್ಮದ ಗಂಟು ಹಾಕಿದ ಬಟ್ಟೆಯೇ ಇತ್ತು, ಬಣ್ಣ ಮಾತ್ರ ಕಪ್ಪು. ನಿಷೇಧಿಸಿದವರೂ ಆ ಬಟ್ಟೆಯನ್ನು ಬಿಡಲಿಲ್ಲ.

ಇದರ ಅತ್ಯಂತ ಘೋರ ಅಧ್ಯಾಯ ಕಾಂಬೋಡಿಯದ್ದು. ಅಲ್ಲಿನ ಚೌಕುಳಿ ನೇಯ್ಗೆಯ ಹತ್ತಿ ಬಟ್ಟೆಗೆ ಕ್ರಮಾ ಎಂದು ಹೆಸರು. ನಮ್ಮ ರೈತನ ಟವಲಿನ ಹಾಗೆಯೇ ಅದು ಕೊರಳಿಗೂ ಸೈ, ತಲೆಗೂ ಸೈ. ಮಗುವಿಗೆ ಜೋಲಿಯೂ ಹೌದು, ಸ್ನಾನಕ್ಕೆ ಪಂಚೆಯೂ ಹೌದು. 1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆಗಳು ರಾಜಧಾನಿ ನಾಮ್ ಪೆನ್ ಹೊಕ್ಕಾಗ ಸೈನಿಕರ ಕರಿಯ ಉಡುಪಿನ ಮೇಲೆ ಇದ್ದ ಒಂದೇ ಬಣ್ಣವೆಂದರೆ ಈ ಕ್ರಮಾದ್ದು. ಬಡ ರೈತರ ಬಟ್ಟೆ ಆಳುವವರ ಸಮವಸ್ತ್ರವಾಯಿತು.

1978ರಲ್ಲಿ ದೇಶದ ಪೂರ್ವ ವಲಯದ ಜನ ವಿಯೆಟ್ನಾಮಿನ ಪರ ಎಂಬ ಸಂಶಯ ಪೋಲ್ ಪಾಟ್‌ನನ್ನು ಹಿಡಿಯಿತು. ಅವರನ್ನು ಊರು ಬಿಡಿಸಿ ಬೇರೆ ವಲಯಗಳಿಗೆ ಸಾಗಿಸುವಾಗ ಹೊಸ ಕ್ರಮಾ ಹಂಚಲಾಯಿತು. ನೀಲಿ ಬಿಳಿ ಚೌಕುಳಿಯದು. ಬಟ್ಟೆಗೆ ಬರವಿದ್ದ ಆ ಕಾಲದಲ್ಲಿ ಜನ ಅದನ್ನು ಉಡುಗೊರೆಯೆಂದೇ ತೆಗೆದುಕೊಂಡಿರಬೇಕು. ಹೋದ ಕಡೆ ನೀಲಿ ಬಟ್ಟೆಯವರು ಯಾರೆಂದು ಕೊಲೆಗಾರರಿಗೆ ಗೊತ್ತಿತ್ತು. ಬದುಕುಳಿದವರ ಹೇಳಿಕೆಗಳನ್ನು ಕಲೆಹಾಕಿದ ಸಂಶೋಧಕರು ಈ ನೀಲಿ ಕ್ರಮಾವನ್ನು ನಾಜಿಗಳು ಯಹೂದ್ಯರ ಅಂಗಿಗೆ ಹೊಲಿಸಿದ ಹಳದಿ ನಕ್ಷತ್ರಕ್ಕೆ ಹೋಲಿಸಿದ್ದಾರೆ. ಕೊರಳ ಬಟ್ಟೆಯನ್ನು ತಾನಾಗಿ ಕಟ್ಟಿಕೊಳ್ಳುವುದಕ್ಕೂ ಇನ್ನೊಬ್ಬರು ಕಟ್ಟುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಕ್ರೂರವಾಗಿ ಹೇಳುವ ಉದಾಹರಣೆ ಸಿಗಲಾರದು. ಆದರೂ ಕಾಂಬೋಡಿಯದವರು ಕ್ರಮಾವನ್ನು ಬಿಡಲಿಲ್ಲ. 2024ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಲೆಗಾರರ ಕೈಯಿಂದ ಬಟ್ಟೆಯನ್ನು ಅದರ ಒಡೆಯರು ಮರಳಿ ಪಡೆದರು.

ನಮ್ಮ ಹೆಗಲು, ನಮ್ಮ ಕೊರಳು

ಬೆವರಿನ ಬಟ್ಟೆ ಗುರುತಿನ ಬಟ್ಟೆಯಾಗುವುದನ್ನು ನಾವೂ ಕಣ್ಣಾರೆ ಕಂಡಿದ್ದೇವೆ. 1980ರಲ್ಲಿ ನರಗುಂದ, ನವಲಗುಂದಗಳ ರೈತ ಬಂಡಾಯದ ಬೆನ್ನಿಗೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಹೆಗಲ ಮೇಲಿನ ಸಾಧಾರಣ ಟವಲಿನ ಜಾಗದಲ್ಲಿ ಹಸಿರು ಶಾಲು ಬಂತು. ಕಚೇರಿಗಳಲ್ಲಿ ಬಾಗಿಲ ಹೊರಗೆ ಕಾಯುತ್ತಿದ್ದ ರೈತ ಆ ಶಾಲು ಹೊದ್ದು ಒಳಗೆ ಹೋದಾಗ ಅಧಿಕಾರಿಗಳು ಕುರ್ಚಿ ತೋರಿಸುವಂತಾಯಿತು. ಬಟ್ಟೆ ಕೊಟ್ಟ ಧೈರ್ಯ ಅದು. ಆ ಶಾಲಿಗೆ ಬಂದ ಮರ್ಯಾದೆಯನ್ನು ಕಂಡು ಮುಂದೆ ರಾಜಕಾರಣಿಗಳೂ ವೇದಿಕೆಗಳಲ್ಲಿ ಅದನ್ನು ಹೊದ್ದರು.

2022ರ ಆರಂಭದಲ್ಲಿ ಕಂಡದ್ದು ಬೇರೆಯದೇ ದೃಶ್ಯ. ಉಡುಪಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರ ಹಿಜಾಬ್ ಪ್ರಶ್ನೆಯಾದ ಮೇಲೆ, ಹಲವು ಕಾಲೇಜುಗಳಲ್ಲಿ ಸಹಪಾಠಿಗಳು ಕೇಸರಿ ಶಾಲು ಹಾಕಿಕೊಂಡು ಬಂದರು. ಚಿಕ್ಕಮಗಳೂರಿನಲ್ಲಿ ಹಿಜಾಬಿಗೆ ಬೆಂಬಲವಾಗಿ ಕೆಲವರು ನೀಲಿ ಶಾಲು ಹಾಕಿದರು. ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು ಬಣ್ಣಗಳ ಹಿಂದೆ ಎದುರುಬದುರು ನಿಂತರು. ಫೆಬ್ರುವರಿ 10ರಂದು ಹೈಕೋರ್ಟು ಮಧ್ಯಂತರ ಆದೇಶ ನೀಡಿ, ಸಮವಸ್ತ್ರ ಗೊತ್ತುಪಡಿಸಿದ ಕಾಲೇಜುಗಳ ತರಗತಿಗಳಲ್ಲಿ ಇವೆಲ್ಲವನ್ನೂ ತಡೆಹಿಡಿಯಿತು. ಮಾರ್ಚ್‌ನಲ್ಲಿ ಹೈಕೋರ್ಟಿನ ಪೂರ್ಣ ತೀರ್ಪು ಬಂತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಒಂದೊಂದು ಬಟ್ಟೆಗೂ ಧರಿಸಿದವರ ಮನಸ್ಸಿನಲ್ಲಿ ಒಂದೊಂದು ತೂಕವಿತ್ತು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದೇ ವಾದದ ತಿರುಳು. ಸಮವಸ್ತ್ರ ಎಂದರೆ ಏನು, ಅದು ಯಾರನ್ನು ಒಳಗೊಳ್ಳುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆ ಅಂದು ಮನೆಮನೆಯ ಮಾತಾಯಿತು. ಬೆಂಗಳೂರಿನಲ್ಲಿ 1909ರಲ್ಲೇ ಇನ್ನೊಂದು ರೂಪದಲ್ಲಿ ಎದ್ದಿದ್ದ ಪ್ರಶ್ನೆ ಅದು.

ಬಿಚ್ಚಲು ಬರುವ ಗಂಟು

ಮತ್ತೆ ಶಾಲೆಯ ಮೈದಾನಕ್ಕೆ ಬರೋಣ. ಸ್ಕೌಟ್ ಸೇರಿದ ಹುಡುಗನಿಗೆ ಮೊದಲು ಕಲಿಸುವ ಗಂಟುಗಳಲ್ಲಿ ರೀಫ್ ಗಂಟು ಒಂದು. ಬಲದ ತುದಿಯನ್ನು ಎಡದ ಮೇಲೆ, ಆಮೇಲೆ ಎಡದ್ದನ್ನು ಬಲದ ಮೇಲೆ ತಂದು ಕಟ್ಟುವ ಈ ಗಂಟು ಚಪ್ಪಟೆಯಾಗಿ ಕೂರುತ್ತದೆ, ಗಾಯವನ್ನು ಒತ್ತುವುದಿಲ್ಲ. ಬೇಕೆಂದಾಗ ಒಂದು ತುದಿ ಹಿಡಿದೆಳೆದರೆ ಬಿಚ್ಚಿಕೊಳ್ಳುತ್ತದೆ. ಬ್ಯಾಂಡೇಜು ಕಟ್ಟಲು ಇದನ್ನೇ ಬಳಸುವುದು ಈ ಕಾರಣಕ್ಕೆ.

ಯಾರಿಗಾದರೂ ಕೈ ಮುರಿದರೆ ಸ್ಕೌಟ್ ಮಾಡಬೇಕಾದದ್ದು ಇಷ್ಟು: ವಾಗಲ್ ಸರಿಸಿ ತನ್ನ ಸ್ಕಾರ್ಫ್ ಬಿಚ್ಚಬೇಕು. ಸುರುಳಿ ಬಿಡಿಸಿದರೆ ಮುಮ್ಮೂಲೆಯ ಅಗಲ ಬಟ್ಟೆ. ಒಂದು ತುದಿಯನ್ನು ಗಾಯಾಳುವಿನ ಹೆಗಲಿನ ಮೇಲಿಟ್ಟು, ಮುರಿದ ತೋಳನ್ನು ಬಟ್ಟೆಯ ಮೇಲೆ ಮಡಿಸಿ, ಇನ್ನೊಂದು ತುದಿಯನ್ನು ಮೇಲಕ್ಕೆ ತಂದು ಕತ್ತಿನ ಪಕ್ಕದಲ್ಲಿ ರೀಫ್ ಗಂಟು ಹಾಕಬೇಕು. ಗಾಯಾಳು ಯಾವ ದಳದವನು, ಯಾವ ಬಣ್ಣದವನು ಎಂದು ಕೇಳುವ ಪಾಠ ಆ ತರಬೇತಿಯಲ್ಲಿಲ್ಲ.

ಎರಡು ಸಾವಿರ ವರ್ಷಗಳಲ್ಲಿ ಕೊರಳ ಬಟ್ಟೆ ಬೆವರು ಒರೆಸಿದೆ, ದೊರೆಯನ್ನು ಸಿಂಗರಿಸಿದೆ, ಕಾರ್ಮಿಕರನ್ನು ಕೂಡಿಸಿದೆ, ಅಮಾಯಕರನ್ನು ಕೊಲೆಗಾರರಿಗೆ ತೋರಿಸಿಕೊಟ್ಟಿದೆ. ಇಷ್ಟೆಲ್ಲ ಆದ ಮೇಲೂ ಅದರ ಮೊದಲ ಉಪಯೋಗ ಸತ್ತಿಲ್ಲ. ಮುಂದಿನ ಸಲ ಮೇಷ್ಟ್ರು ಮಕ್ಕಳ ಸಾಲಿನಲ್ಲಿ ಸ್ಕಾರ್ಫ್ ನೇರ ಮಾಡುತ್ತಾ ಬರುವಾಗ, ಅದನ್ನು ಕಟ್ಟಿಕೊಳ್ಳಲು ಬರುತ್ತದೆಯೇ ಎಂದು ಕೇಳುವುದರ ಜೊತೆಗೆ, ಬಿಚ್ಚಿ ಇನ್ನೊಬ್ಬರಿಗೆ ಕಟ್ಟಲು ಬರುತ್ತದೆಯೇ ಎಂದೂ ಕೇಳಲಿ.